ಗೋಡೆಯ ಲೆಕ್ಕವಿದೆ, ಕಟ್ಟಿದವನ ಲೆಕ್ಕವೆಲ್ಲಿ?



ಹೊಸೂರಿನ ಸುತ್ತಮುತ್ತ ದೊಡ್ಡ ಕಟ್ಟಡಗಳ ಕೆಲಸಕ್ಕೆ ಹೋಗುವ ನಮ್ಮವರು ಒಂದು ಮಾರ್ಪಾಟನ್ನು ಕಂಡಿದ್ದಾರೆ. ಇಂಜಿನಿಯರರ ಕಂಕುಳಲ್ಲಿದ್ದ ನೀಲಿ ನಕ್ಷೆಯ ಸುರುಳಿ ಹೋಗಿ ಕೈಗೆ ಟ್ಯಾಬ್ಲೆಟ್ ಬಂದಿದೆ. ನಕ್ಷೆ ಬದಲಾದರೆ ಆ ಗಳಿಗೆಯಲ್ಲೇ ಎಲ್ಲ ಅಧಿಕಾರಿಗಳಿಗೂ ತಿಳಿಯುತ್ತದೆ. ಕಾಂಕ್ರೀಟ್ ಗಾಡಿ ಎಷ್ಟು ಹೊತ್ತಿಗೆ ಹೊರಟಿತು, ಕಾಂಕ್ರೀಟಿನ ಅಚ್ಚಿಗೆ 7ನೆಯ ದಿನ ಎಷ್ಟು ಬಲ ಬಂತು, 28ನೆಯ ದಿನ ಎಷ್ಟು ಎಂಬುದೆಲ್ಲ ಒಂದೇ ಕಡತದಲ್ಲಿ ಕೂಡುತ್ತದೆ.

ನಾವು ಇದರ ವೈರಿಗಳಲ್ಲ. ಹಳೆಯ ನಕ್ಷೆ ನಂಬಿ ಕಂಬಿ ಕಟ್ಟಿ, ಮರುದಿನ ಅದನ್ನೇ ಬಿಚ್ಚಿ, ಆ ಎರಡು ದಿನದ ಕೂಲಿಗಾಗಿ ಜಗಳವಾಡಿದವರು ನಮ್ಮಲ್ಲೇ ಇದ್ದಾರೆ. ಸರಿಯಾದ ದಾಖಲೆ ಪ್ರಾಣವನ್ನೂ ಉಳಿಸುತ್ತದೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ವಸತಿ ಗೋಪುರಕ್ಕೆ ಬೆಂಕಿ ಬಿದ್ದು 72 ಜನ ಸತ್ತರು. ಹೊರಗೋಡೆಗೆ ಹೊದಿಸಿದ್ದ ಹಲಗೆಗಳು ಹೊತ್ತಿ ಉರಿಯುವಂಥವಾಗಿದ್ದವು. ಅನಂತರ 2018ರಲ್ಲಿ ಜುಡಿತ್ ಹ್ಯಾಕಿಟ್ ಎಂಬಾಕೆ ಸರಕಾರಕ್ಕೆ ಕೊಟ್ಟ ವರದಿಯಲ್ಲಿ, ಎತ್ತರದ ಕಟ್ಟಡಗಳ ವಿವರವನ್ನೆಲ್ಲ ಕಂಪ್ಯೂಟರಿನಲ್ಲಿ ಕಡೆಯ ತನಕ ಕಾಪಾಡಬೇಕೆಂದು ಹೇಳಿ, ಅದನ್ನು ಚಿನ್ನದ ಎಳೆ ಎಂದು ಕರೆದರು. 2022ರಲ್ಲಿ ಅಲ್ಲಿ ಅದಕ್ಕಾಗಿ ಕಾಯಿದೆಯೂ ಆಯಿತು. ಇದು ಒಳ್ಳೆಯದೇ.

ಆದರೆ ಆ ಎಳೆಯಲ್ಲಿ ದುಡಿಯುವವನ ಹೆಸರನ್ನು ಪೋಣಿಸುವವರು ಯಾರು?

ಕಳೆದ ವರ್ಷ ನಮ್ಮ ಬಳಗದ ಒಬ್ಬ ಗಾರೆ ಕೆಲಸದವರು ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡರು. ನಾವು ಕಚೇರಿಗೆ ಹೋದಾಗ ಅಲ್ಲಿಯವರು ಕಂಪ್ಯೂಟರ್ ಪರದೆ ತೋರಿಸಿ, ಆ ದಿನ ಈ ಹೆಸರಿನವರು ಹಾಜರೇ ಇಲ್ಲ ಎಂದರು. ನಡೆದದ್ದು ಇಷ್ಟೆ: ಬೆಳಿಗ್ಗೆ ಹಾಜರಿ ಯಂತ್ರ ಮೂರು ಸಲ ಅವರ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಹೋಗಿ ಕೆಲಸ ಹಿಡಿ, ಆಮೇಲೆ ಬರೆಸೋಣ ಎಂದು ಮೇಸ್ತ್ರಿ ಹೇಳಿದ್ದರು. ಮೂವತ್ತು ವರ್ಷ ಸಿಮೆಂಟು ಕಲಸಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದೀತು? ದುಡಿದದ್ದಕ್ಕೆ ಸಾಕ್ಷಿಯಾದ ಸವೆತವೇ ದುಡಿಯಲಿಲ್ಲವೆಂಬುದಕ್ಕೆ ಸಾಕ್ಷಿಯಾಯಿತು. ಕೊನೆಗೆ ಅವರನ್ನು ಕಾಪಾಡಿದ್ದು ಮೇಸ್ತ್ರಿಯ ಜೇಬಿನ ಮಾಸಿದ ಪುಟ್ಟ ಪುಸ್ತಕ. ಅದರಲ್ಲಿ ಆ ತಾರೀಖಿನ ಮುಂದೆ ಅವರ ಹೆಸರಿತ್ತು. ಆಸ್ಪತ್ರೆಯ ಖರ್ಚು ಸಿಕ್ಕಿತು. ಮನೆಯಲ್ಲಿ ಮಲಗಿದ್ದ ತಿಂಗಳುಗಳ ಕೂಲಿ ಸಿಗಲಿಲ್ಲ.

ಇದು ಒಬ್ಬರ ಕಥೆಯಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯಿದೆಯ ಪ್ರಕಾರ, 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಪಡೆಯಬಹುದಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ 90 ದಿನದ ನಿಯಮ ಉಳಿದಿದೆ. ಆ 90 ದಿನಗಳ ರುಜುವಾತಿಗಾಗಿ ನಮ್ಮವರು ಗುತ್ತಿಗೆದಾರರ ಬಾಗಿಲು ಕಾಯುತ್ತಾರೆ. ಹೊಸೂರಿನಲ್ಲಿ ಐವತ್ತು ದಿನ, ಗಡಿಯಾಚೆ ಅತ್ತಿಬೆಲೆಯ ಕಡೆ ಐವತ್ತು ದಿನ ದುಡಿದವನ ಪಾಡು ಇನ್ನೂ ಕಷ್ಟ. ಮಂಡಳಿಗಳು ರಾಜ್ಯಕ್ಕೊಂದು. ಕಟ್ಟಡದ ನಕ್ಷೆ ಕಣ್ಣು ಮಿಟುಕಿಸುವುದರೊಳಗೆ ಗಡಿ ದಾಟುತ್ತದೆ. ನಮ್ಮ ದುಡಿಮೆಯ ದಿನಗಳು ಗಡಿಯಲ್ಲೇ ನಿಲ್ಲುತ್ತವೆ.

ಕೂಲಿಯವರು ಇಂದು ಇಲ್ಲಿ, ನಾಳೆ ಅಲ್ಲಿ; ಲೆಕ್ಕ ಇಡುವುದು ಹೇಗೆ ಎಂದು ಗುತ್ತಿಗೆದಾರರು ಕೇಳುತ್ತಾರೆ. ದಾರಿಯಲ್ಲಿ ಓಡುವ ಕಾಂಕ್ರೀಟ್ ಗಾಡಿ ಯಾವ ತಿರುವಿನಲ್ಲಿದೆ ಎಂದು ಕುಳಿತಲ್ಲೇ ಹೇಳಬಲ್ಲವರಿಗೆ ಈ ಮಾತು ಒಪ್ಪುವುದಿಲ್ಲ. ಕಷ್ಟವಿರುವುದು ಯಂತ್ರದಲ್ಲಲ್ಲ. ಗುತ್ತಿಗೆಯೊಳಗೆ ಗುತ್ತಿಗೆ, ಅದರೊಳಗೆ ಮೇಸ್ತ್ರಿ; ಮೇಲಿನವನ ಲೆಕ್ಕದಲ್ಲಿ ನಾವು ಹೆಸರಲ್ಲ, ಇಷ್ಟು ಆಳು ಎಂಬ ಸಂಖ್ಯೆ ಮಾತ್ರ. ಹೆಸರು ಬರೆದರೆ ಹೊಣೆ ಹೊರಬೇಕು.

ಪವಿತ್ರ ಗ್ರಂಥದಲ್ಲಿ ನೆಹೆಮೀಯನ ಪುಸ್ತಕದ 3ನೆಯ ಅಧ್ಯಾಯವನ್ನು ಬೇಸರವೆಂದು ದಾಟಿ ಹೋಗುವವರುಂಟು. ಅದು ಜೆರುಸಲೇಮಿನ ಗೋಡೆ ಕಟ್ಟಿದವರ ಹಾಜರಿ ಪಟ್ಟಿ. ಯಾವ ಬಾಗಿಲನ್ನು ಯಾರು ಕಟ್ಟಿದರು, ಅವರ ಪಕ್ಕದ ಭಾಗವನ್ನು ಯಾರು ಕಟ್ಟಿದರು ಎಂದು ಹೆಸರು ಹಿಡಿದು ಬರೆದಿದೆ. ಅಕ್ಕಸಾಲಿಗರಿದ್ದಾರೆ, ವ್ಯಾಪಾರಿಗಳಿದ್ದಾರೆ, ಶಲ್ಲೂಮನ ಜೊತೆ ದುಡಿದ ಅವನ ಹೆಣ್ಣುಮಕ್ಕಳಿದ್ದಾರೆ. ಹೆಗಲು ಕೊಡದ ಶ್ರೀಮಂತರನ್ನೂ ಬಿಟ್ಟಿಲ್ಲ. ದೇವರ ದಾಖಲೆಯಲ್ಲಿ ಗೋಡೆಯೂ ಕಟ್ಟಿದವನೂ ಒಂದೇ ಪುಟದಲ್ಲಿದ್ದಾರೆ. 1981ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ಯಂತ್ರವಿದ್ಯೆ ಮನುಷ್ಯನ ಮಿತ್ರನೇ ಆದರೂ ಎದುರಾಳಿಯಾಗಿಯೂ ನಿಲ್ಲಬಲ್ಲದೆಂದು ಎಚ್ಚರಿಸಿದ್ದು ಇದಕ್ಕಾಗಿಯೇ.

ಆದ್ದರಿಂದ ನಮ್ಮ ಬೇಡಿಕೆಗಳು ಸರಳ. ಹಾಜರಿ ಯಂತ್ರ ಹೆಬ್ಬೆಟ್ಟನ್ನು ಒಪ್ಪದಿದ್ದರೆ ಆಗಲೇ ಕೈಬರಹದಲ್ಲಿ ಹೆಸರು ಬರೆದು ಸಹಿ ಹಾಕಬೇಕು. ವಾರಕ್ಕೊಮ್ಮೆ ಹಾಜರಿಯ ಚೀಟಿ, ನಾವು ಓದಬಲ್ಲ ಭಾಷೆಯಲ್ಲಿ, ನಮ್ಮ ಕೈ ಸೇರಬೇಕು. ಆ ಚೀಟಿಯನ್ನೇ 90 ದಿನದ ರುಜುವಾತೆಂದು ಎರಡೂ ರಾಜ್ಯಗಳ ಮಂಡಳಿಗಳು ಒಪ್ಪಬೇಕು. ಈ ಲೆಕ್ಕ ನಮ್ಮ ಕೂಲಿಗೆ, ಭದ್ರತೆಗೆ ಇರಲಿ. ಸಂಘಕ್ಕೆ ಸೇರಿದವನನ್ನು ಗುರುತಿಸಿ ಹೊರಗಟ್ಟುವುದಕ್ಕೆ ಬೇಡ.

ಅಲ್ಲಿಯ ತನಕ ನಾವೂ ಸುಮ್ಮನಿರಬಾರದು. ಪ್ರತಿಯೊಬ್ಬರೂ ಒಂದು ಚಿಕ್ಕ ಪುಸ್ತಕವಿಡಿ. ತಾರೀಖು, ಜಾಗ, ಮೇಸ್ತ್ರಿಯ ಹೆಸರು, ಸಿಕ್ಕಿದ ಕೂಲಿ ಬರೆಯಿರಿ. ಬರೆಯಲು ಬಾರದವರು ಭಾನುವಾರ ಪೂಜೆ ಮುಗಿದ ಮೇಲೆ ಬನ್ನಿ. ನಮ್ಮ ಯುವಕ ಯುವತಿಯರು ಬರೆದುಕೊಡುತ್ತಾರೆ. ಪೆನ್ನು ನಮ್ಮಲ್ಲಿದೆ, ಪುಸ್ತಕ ನೀವು ತನ್ನಿ.