ಮನೆಯೊಡತಿಯ ಆರೋಗ್ಯ: ಕೈ ಸೋತರೆ ಮಲಗಬೇಡಿ, ಗಡಿಯಾರ ನೋಡಿ

ಬಹಳ ಹೊತ್ತು ಈಳಿಗೆಮಣೆಯ ಮುಂದೆ ಕೂತು ಎದ್ದಾಗ ಕಾಲು ಜೋಮು ಹಿಡಿಯುವುದು ನಮಗೆಲ್ಲ ಗೊತ್ತಿರುವ ಸಂಗತಿ. ಎರಡು ಸಲ ಕಾಲು ಝಾಡಿಸಿ ನಾಲ್ಕು ಹೆಜ್ಜೆ ಓಡಾಡಿದರೆ ಸರಿಹೋಗುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ. ಈ ಸಲ ಹೇಳಹೊರಟಿರುವುದು ಬೇರೆಯೇ ಜೋಮಿನ ವಿಷಯ.

ಚಪಾತಿ ಲಟ್ಟಿಸುತ್ತಿದ್ದೀರಿ. ಇದ್ದಕ್ಕಿದ್ದಂತೆ ಲಟ್ಟಣಿಗೆ ಕೈಯಿಂದ ಜಾರುತ್ತದೆ. ಅದೇ ಮಗ್ಗುಲಿನ ಕಾಲೂ ಸೋತಂತಾಗುತ್ತದೆ, ಕೆನ್ನೆ ಮರಗಟ್ಟುತ್ತದೆ. ಬಾಯಿ ಸೊಟ್ಟಗಾಗಬಹುದು, ಮಾತು ತೊದಲಬಹುದು. ಅನೇಕ ಸಲ ನೋವೇ ಇರುವುದಿಲ್ಲ. ಆಗ ನಮ್ಮ ಬಾಯಲ್ಲಿ ಬರುವ ಮಾತೇನು? “ಏನೂ ಇಲ್ಲ ಬಿಡಿ, ನಿತ್ರಾಣ ಅಷ್ಟೇ. ಅನ್ನ ಇಳಿಸಿ ಒಂದು ಗಳಿಗೆ ಮಲಗಿದ್ರೆ ಸರಿಹೋಗತ್ತೆ.” ಸೋದರಿಯರೇ, ಹಾಗೆ ಮಲಗುವುದೇ ಅಪಾಯ.

ಇದು ಪಾರ್ಶ್ವವಾಯುವಿನ ಲಕ್ಷಣ, ಆಡುಮಾತಿನಲ್ಲಿ ಲಕ್ವ. ‘ಗಾಳಿ ಸೋಕಿದೆ’ ಎನ್ನುವವರುಂಟು. ಕಾರಣ ಗಾಳಿಯಲ್ಲೂ ಇಲ್ಲ, ಕೈಯಲ್ಲೂ ಇಲ್ಲ, ಮಿದುಳಿನಲ್ಲಿದೆ. ಮಿದುಳಿನ ಎಡಭಾಗ ದೇಹದ ಬಲಮಗ್ಗುಲನ್ನೂ, ಬಲಭಾಗ ಎಡಮಗ್ಗುಲನ್ನೂ ನಡೆಸುತ್ತದೆ. ಅಲ್ಲಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ ಅಥವಾ ನಾಳ ಒಡೆದರೆ, ಆಚೆ ಮಗ್ಗುಲಿನ ಕೈಕಾಲು ಸೋಲುತ್ತವೆ.

ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಅದನ್ನು ಸಾಮಾನ್ಯವಾಗಿ ಲಕ್ಷಣ ಕಂಡ 4½ ಗಂಟೆಯೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಗುಣ. ನಾಳ ಒಡೆದವರಿಗೆ ಅದೇ ಇಂಜೆಕ್ಷನ್ ಪ್ರಾಣಕ್ಕೆ ಅಪಾಯ. ಎರಡರ ವ್ಯತ್ಯಾಸ ಹೊರಗಿನಿಂದ ತಿಳಿಯದು, ತಲೆಯ ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಆದ್ದರಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು.

ಮನೆಯಲ್ಲಿ ಯಾರಿಗಾದರೂ ಹೀಗಾದರೆ ಮೂರು ಪರೀಕ್ಷೆ ಮಾಡಿ. ನಗಲು ಹೇಳಿ, ಬಾಯಿ ಒಂದು ಕಡೆಗೆ ಎಳೆಯುತ್ತದೆಯೇ? ಎರಡೂ ಕೈ ಎತ್ತಿ ಹಿಡಿಯಲು ಹೇಳಿ. ಒಂದು ಕೈ ಕೆಳಗಿಳಿಯುತ್ತದೆಯೇ? ಒಂದು ವಾಕ್ಯ ಹೇಳಿಸಿ, ಮಾತು ತಡವರಿಸುತ್ತದೆಯೇ? ಒಂದು ಹೌದಾದರೂ 108ಕ್ಕೆ ಫೋನ್ ಮಾಡಿ. ಅವರು ಕೊನೆಯದಾಗಿ ಎಷ್ಟು ಗಂಟೆಗೆ ಸರಿಯಾಗಿದ್ದರೆಂದು ಬರೆದಿಡಿ. ವೈದ್ಯರು ಮೊದಲು ಕೇಳುವುದು ಅದನ್ನೇ.

ಕಾಫಿ, ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿದೀತು. ಎಣ್ಣೆ ತಿಕ್ಕುವುದು, ಪಾರಿವಾಳದ ರಕ್ತ ಹಚ್ಚುವುದು ಇವುಗಳಲ್ಲಿ ಅಮೂಲ್ಯವಾದ ಹೊತ್ತು ಕಳೆಯಬೇಡಿ.

ಇನ್ನೊಂದು ಮಾತು. ಕೆಲವೊಮ್ಮೆ ಹತ್ತೇ ನಿಮಿಷದಲ್ಲಿ ಎಲ್ಲ ಸರಿಹೋಗುತ್ತದೆ. “ಹೋಯ್ತಲ್ಲ, ಇನ್ಯಾಕೆ ಡಾಕ್ಟರು?” ಎನ್ನಬೇಡಿ. ಅದು ಮುನ್ನೆಚ್ಚರಿಕೆ. ದೊಡ್ಡ ಹೊಡೆತ ಬೀಳುವ ಸಂಭವ ಮುಂದಿನ ಒಂದೆರಡು ದಿನಗಳಲ್ಲೇ ಹೆಚ್ಚು. ತಕ್ಷಣವೇ ಆಸ್ಪತ್ರೆಗೆ ಹೋಗಿ.

ಇದಕ್ಕೆ ಮುಖ್ಯ ಕಾರಣ ಏರಿದ ರಕ್ತದೊತ್ತಡ. ಬಿ.ಪಿ. ಇದ್ದರೂ ಅನೇಕರಿಗೆ ಏನೂ ತೋರುವುದಿಲ್ಲ, ಅಳೆಸಿಯೇ ತಿಳಿಯಬೇಕು. ಚೆನ್ನಾಗಿದ್ದೇನೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಒಬ್ಬರಿಗೆ ದಿನಕ್ಕೆ ಉಪ್ಪು 5 ಗ್ರಾಂ, ಎಂದರೆ ಒಂದು ಟೀ ಚಮಚ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಅದರಲ್ಲೇ ಸೇರಿತು. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ರೂಢಿಯಿದ್ದರೆ ಬಿಡಿ.

ಮನೆಯವರಿಗೆ ಹೀಗಾದರೆ ನೀವು ಓಡುತ್ತೀರಿ, ಅದು ನನಗೆ ಗೊತ್ತು. ನಿಮಗೇ ಆದರೆ? ಆಗ ಬಾಯಿ ಬಿಟ್ಟು ಹೇಳಲು ಮಾತೇ ಬಾರದಿರಬಹುದು. ಆದ್ದರಿಂದ ಇವತ್ತೇ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ವಿಚಾರಿಸಿ, ಅದರ ಹೆಸರನ್ನೂ 108ನ್ನೂ ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಆ ಮೂರು ಪರೀಕ್ಷೆಗಳನ್ನು ಯಜಮಾನರಿಗೂ, ಅತ್ತೆಯವರಿಗೂ, ಶಾಲೆಗೆ ಹೋಗುವ ಮಕ್ಕಳಿಗೂ ಕಲಿಸಿಡಿ.