ಡಾಂಬರೋ, ಕಾಂಕ್ರೀಟೋ? ಮೊದಲು ಎರೆಯನ್ನು ಕೇಳಿ

ದೇವರ ಹಿಪ್ಪರಗಿ 2018ರಲ್ಲಿ ತಾಲ್ಲೂಕಾಯಿತು. ಅದಾದ ಮೇಲೆ ವಿಜಯಪುರ–ಸಿಂದಗಿ ರಸ್ತೆಯ ಅಕ್ಕಪಕ್ಕದ ಜಾಗಕ್ಕೆ ಬೇಡಿಕೆ ಬಂದಿದೆ. ಗೊಬ್ಬರ-ಬೀಜದ ಅಂಗಡಿ, ಖಾನಾವಳಿ, ಗ್ಯಾರೇಜು, ಮಂಗಲ ಕಾರ್ಯಾಲಯ ಎಂದು ಒಂದೊಂದಾಗಿ ಏಳುತ್ತಿವೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಗೆಳೆಯರು ಹೇಳುವುದೂ ಇದೇ ಕತೆ. ಮೊದಲೆಲ್ಲ ಕಟ್ಟಡ ಮುಗಿದ ಮೇಲೆ ಮುಂದಿನ ಬಯಲಿಗೆ ಎರಡು ಟ್ರ್ಯಾಕ್ಟರ್ ಗರಸು ಚೆಲ್ಲಿದರೆ ಪಾರ್ಕಿಂಗ್ ಆಯಿತು ಎಂದು ಲೆಕ್ಕ. ಈಗ ಹಾಗೆ ನಡೆಯುವುದಿಲ್ಲ. ಒಂದು ಹದ ಮಳೆ ಬಿದ್ದರೆ ಸಾಕು, ಎರೆ ಕೆಸರು ಚಪ್ಪಲಿಗೆ ಸೇರುಗಟ್ಟಲೆ ಅಂಟುತ್ತದೆ. ಗಿರಾಕಿ ಗಾಡಿ ನಿಲ್ಲಿಸದೆ ಮುಂದಿನ ಅಂಗಡಿಗೆ ಹೋಗುತ್ತಾನೆ. ಹೀಗಾಗಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಡಾಂಬರ್ ಹಾಕ್ಸೂದು ಛಲೋನೋ, ಸಿಮೆಂಟ್ ಹಾಕ್ಸೂದು ಛಲೋನೋ?’

ಇದನ್ನು ಯುವ ಪುಟಕ್ಕೆ ಬರೆಯಲು ಕಾರಣವಿದೆ. ಈ ಅಂಗಡಿಗಳನ್ನು ತೆರೆಯುತ್ತಿರುವವರಲ್ಲಿ ನಮ್ಮ ವಯಸ್ಸಿನವರೂ ಇದ್ದಾರೆ. ಡಿಗ್ರಿ ಮುಗಿಸಿ, ನೇಮಕಾತಿ ಅಧಿಸೂಚನೆಗೆ ಕಾದು ಕಾದು, ಕೊನೆಗೆ ಅಪ್ಪನ ಹೊಲದ ಒಂದು ತುಂಡು ಮತ್ತು ಬ್ಯಾಂಕಿನ ಸಾಲ ನಂಬಿ ಶಟರ್ ಎತ್ತಿದವರು. ಅವರು ಸಲಹೆ ಕೇಳುವುದು ಡಿಪ್ಲೊಮಾ ಸಿವಿಲ್ ಓದಿದ ಗೆಳೆಯನನ್ನು. ಪಾರ್ಕಿಂಗ್ ಕೆಲಸ ಬರುವುದು ಕಟ್ಟಡಕ್ಕೆ ಹಣವೆಲ್ಲ ಸುರಿದ ಮೇಲೆ, ಕೈಯಲ್ಲಿ ಉಳಿದ ಕೊನೆಯ ಒಂದೆರಡು ಲಕ್ಷದಲ್ಲಿ. ಅದು ಮಣ್ಣುಪಾಲಾದರೆ ಮತ್ತೊಮ್ಮೆ ಹಾಕಿಸುವ ತಾಕತ್ತು ಯಾರಿಗೂ ಇರುವುದಿಲ್ಲ, ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಎರೆ ಭೂಮಿಯಲ್ಲಿ ಎರಡು-ನಾಲ್ಕು ಗುಂಟೆಯ ವ್ಯಾಪಾರಿ ಪಾರ್ಕಿಂಗ್‌ಗೆ, ಅದರಲ್ಲೂ ಸರಕು ಗಾಡಿ ನಿಲ್ಲುವ ಕಡೆ, ಕಾಂಕ್ರೀಟೇ ಸರಿ. ಆದರೆ ಮೇಲಿನದಕ್ಕಿಂತ ದೊಡ್ಡ ಮಾತು ಕೆಳಗಿನದು. ಕೆಳಗಿನ ಕೆಲಸಕ್ಕೆ ದುಡ್ಡಿಲ್ಲದಿದ್ದರೆ ಎರಡನ್ನೂ ಹಾಕಿಸಬೇಡಿ. ನೀರು ಹರಿದುಹೋಗುವಂತೆ ಎತ್ತರಿಸಿ ಗಟ್ಟಿ ಗರಸು ಹೊಡೆಸಿ, ಎರಡು ವರ್ಷ ಕಾಯಿರಿ.

ಎರೆಯ ಗುಣ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬಿ ಆ ಬಿರುಕನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಕರಿಕಲ್ಲು ಸಾವಿರಾರು ವರ್ಷ ಕೊಳೆತು ಆದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ. ಅದು ತನ್ನ ಪದರಗಳ ನಡುವೆ ನೀರು ಎಳೆದುಕೊಂಡು ಹಿಗ್ಗುತ್ತದೆ. ಡೋಣಿ ಸಾಲಿನ ಬಿಳಿಜೋಳ ಹಿಂಗಾರಿನಲ್ಲಿ ಹೆಚ್ಚು ಮಳೆಯಿಲ್ಲದೆ ತೆನೆ ಕಟ್ಟುವುದು ಈ ನೀರು ಹಿಡಿದಿಡುವ ಗುಣದಿಂದಲೇ. ಜೋಳಕ್ಕೆ ವರವಾದದ್ದು ರಸ್ತೆಗೆ ಶಾಪ. ಮೇಲೆ ಡಾಂಬರು ಇರಲಿ, ಕಾಂಕ್ರೀಟ್ ಇರಲಿ, ವರ್ಷಕ್ಕೊಮ್ಮೆ ಕೆಳಗಿನ ನೆಲವೇ ಎದ್ದು ಕೂತರೆ ಅದು ಒಡೆಯಲೇಬೇಕು.

ನಿಮ್ಮ ಜಾಗದ ಮಣ್ಣು ಎಷ್ಟು ಉಬ್ಬುತ್ತದೆ ಎಂದು ತಿಳಿಯಲು ಒಂದು ಅಗ್ಗದ ಪರೀಕ್ಷೆ ಇದೆ. ಸಿವಿಲ್ ಓದುವವರು ಲ್ಯಾಬಿನಲ್ಲಿ ಮಾಡಿರುತ್ತೀರಿ, ಅಂಕ ಪಡೆದು ಮರೆತಿರುತ್ತೀರಿ. ಐಎಸ್ 2720ರ 40ನೇ ಭಾಗದಲ್ಲಿರುವ ಫ್ರೀ ಸ್ವೆಲ್ ಪರೀಕ್ಷೆ. ಒಣಗಿಸಿ, 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, 100 ಮಿಲಿಯ ಎರಡು ಗಾಜಿನ ಸಿಲಿಂಡರಿಗೆ ಹಾಕಬೇಕು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಗಾಳಿಗುಳ್ಳೆ ಹೋಗುವಂತೆ ಕಲಕಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 12 ಮಿಲಿ, ನೀರಿನಲ್ಲಿ 20 ಮಿಲಿ ಬಂದರೆ ಉಬ್ಬು ಸುಮಾರು 67 ಶೇಕಡಾ. 50 ದಾಟಿದ ಮಣ್ಣನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿರ್ದಿಷ್ಟತೆಗಳು ರಸ್ತೆಯ ತಳಕ್ಕೆ ಒಪ್ಪುವುದಿಲ್ಲ. ಲಕ್ಷಗಟ್ಟಲೆ ಖರ್ಚಿನ ಮುಂದೆ ಎರಡು ಸಿಲಿಂಡರು ಮತ್ತು ಒಂದು ದಿನ ಏನು ಮಹಾ? ಆದರೆ ಅಂಗಡಿ ಕಟ್ಟುವಾಗ ವಾಸ್ತು ಕೇಳಿಸುವವರು ಎಷ್ಟೋ ಜನ, ಮಣ್ಣು ಪರೀಕ್ಷೆ ಮಾಡಿಸುವವರು ಕಡಿಮೆ.

ಉಬ್ಬುವ ಮಣ್ಣೆಂದು ಖಾತ್ರಿಯಾದರೆ ಅದಕ್ಕೂ ಮೇಲಿನ ಹಾಸಿಗೂ ನಡುವೆ ಉಬ್ಬದ ಮಣ್ಣಿನ ಒಂದು ಪದರ ಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ 60 ಸೆಂಟಿಮೀಟರಿನಿಂದ ಒಂದು ಮೀಟರ್ ಎನ್ನುತ್ತದೆ. ಕನಿಷ್ಠ ಎರಡು ಅಡಿ ಎಂದೇ ಹಿಡಿಯಿರಿ. ಎರಡು ಗುಂಟೆ ಎಂದರೆ 2,178 ಚದರ ಅಡಿ. ಅದಕ್ಕೆ ಎರಡು ಅಡಿ ಪದರಕ್ಕೆ ಸುಮಾರು 44 ಬ್ರಾಸ್. ನೀರು ಹೊಡೆದು ರೋಲರ್ ಓಡಿಸಿದ ಮೇಲೆ ಅಷ್ಟು ಉಳಿಯಬೇಕೆಂದರೆ 50 ಬ್ರಾಸಿಗೂ ಹೆಚ್ಚು ತರಿಸಬೇಕು. ‘ಎರಡು ಟ್ರ್ಯಾಕ್ಟರ್ ಗರಸು’ ಎಂಬ ನಮ್ಮ ಲೆಕ್ಕಕ್ಕೂ ಇದಕ್ಕೂ ಇರುವ ದೂರವನ್ನು ನೋಡಿ. ಇನ್ನೊಂದು ದಾರಿ ಸುಣ್ಣ: ಮೇಲಿನ ಪದರದ ಎರೆಗೆ ತೂಕದಲ್ಲಿ 3ರಿಂದ 5 ಶೇಕಡಾ ಸುಣ್ಣ ಬೆರೆಸಿ ರೋಲರ್ ಹೊಡೆದರೆ ಉಬ್ಬುವ ಚಾಳಿ ಬಹಳಷ್ಟು ತಗ್ಗುತ್ತದೆ. ಒಂದು ಎಚ್ಚರ: ಎರೆಯಲ್ಲಿ ತಗ್ಗು ತೋಡಿ ಬರೀ ಖಡಿ ತುಂಬಬೇಡಿ. ಸುತ್ತಲಿನ ಜೇಡಿ ನೀರು ಬಿಡುವುದಿಲ್ಲ, ಖಡಿ ಹಿಡಿಯುತ್ತದೆ. ನಿಮ್ಮ ಪಾರ್ಕಿಂಗ್ ಕೆಳಗೆ ನೀವೇ ಒಂದು ಕೃಷಿಹೊಂಡ ತೋಡಿದಂತಾಗುತ್ತದೆ. ನೀರು ಚರಂಡಿಗೆ ಹೋಗಲು ದಾರಿ ಮಾಡಿ, ಇಲ್ಲವೇ ತೋಡುವ ಬದಲು ಎತ್ತರಿಸಿ.

ಇಷ್ಟು ಆದ ಮೇಲೆ ಮೇಲಿನ ಹಾಸಿನ ಮಾತು. ಡಾಂಬರು ರಸ್ತೆಗೆ ಒಳ್ಳೆಯದು, ನಿಲ್ದಾಣಕ್ಕಲ್ಲ ಎನ್ನುವುದು ನನ್ನ ವಾದ. ಸಾಮಾನ್ಯವಾಗಿ ಬಳಸುವ ವಿಜಿ-30 ದರ್ಜೆಯ ಡಾಂಬರು 47 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ. ನಮ್ಮಲ್ಲಿ ಗಾಳಿಯೇ 40 ಡಿಗ್ರಿ ದಾಟುವ ಏಪ್ರಿಲ್-ಮೇ ಮಧ್ಯಾಹ್ನ ಕಪ್ಪು ರಸ್ತೆಯ ಮೈ 60 ಡಿಗ್ರಿಗೂ ಮೇಲೆ ಕಾದಿರುತ್ತದೆ. ಓಡುವ ಗಾಡಿಯ ಗಾಲಿ ಅದರ ಮೇಲೆ ಕ್ಷಣ ಮಾತ್ರ ಇರುತ್ತದೆ. ತೊಗರಿ ಚೀಲ ತುಂಬಿಕೊಂಡ ಲಾರಿ ಅಥವಾ ಕಬ್ಬಿನ ಟ್ರೇಲರ್ ಒಂದೇ ಕಡೆ ನಾಲ್ಕು ತಾಸು ನಿಂತರೆ ಗಾಲಿಯಡಿ ತಗ್ಗು ಬೀಳುತ್ತದೆ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ ಖಡಿ ಕಿತ್ತು ಬರುತ್ತದೆ. ಇನ್ನು ಡೀಸೆಲ್, ಇಂಜಿನ್ ಆಯಿಲ್ ತೊಟ್ಟಿಕ್ಕುವುದು ಬೇರೆ. ಡಾಂಬರೂ ಪೆಟ್ರೋಲಿಯಂನಿಂದಲೇ ಬಂದದ್ದಾದ್ದರಿಂದ ಡೀಸೆಲ್ ಅದನ್ನು ಕರಗಿಸುತ್ತದೆ. ನಂಬಿಕೆ ಬಾರದಿದ್ದರೆ ಮುಂದಿನ ಸಲ ದೊಡ್ಡ ಹೆದ್ದಾರಿಯಲ್ಲಿ ಹೋಗುವಾಗ ಕಿಟಕಿಯಿಂದ ನೋಡಿ: ಕಿಲೋಮೀಟರುಗಟ್ಟಲೆ ಕಪ್ಪಗಿರುವ ರಸ್ತೆ ಟೋಲ್ ನಾಕೆ ಬಂದಲ್ಲಿ ಬೆಳ್ಳಗಾಗಿರುತ್ತದೆ. ಗಾಡಿಗಳು ನಿಲ್ಲುವ, ಬ್ರೇಕ್ ಹಾಕುವ, ಎಣ್ಣೆ ಸುರಿಸುವ ಜಾಗವಾದ್ದರಿಂದ ಅಷ್ಟು ಭಾಗಕ್ಕೆ ಕಾಂಕ್ರೀಟ್ ಹಾಕುತ್ತಾರೆ.

ಇದಕ್ಕಿಂತ ಮುಖ್ಯವಾದ, ಆದರೆ ಯಾರೂ ಮಾತಾಡದ ಕಾರಣ ಇನ್ನೊಂದಿದೆ. ಒಳ್ಳೆಯ ಡಾಂಬರು ಹಾಸಲು ಹಾಟ್‌ಮಿಕ್ಸ್ ಪ್ಲಾಂಟಿನಲ್ಲಿ 150 ಡಿಗ್ರಿಗೂ ಮೇಲೆ ಕಾಯಿಸಿದ ಮಾಲು ಬೇಕು, ಅದು ಆರುವ ಮೊದಲೇ ಹಾಸಿ ರೋಲರ್ ಮುಗಿಸಬೇಕು. ನಮ್ಮ ಎರಡು ಗುಂಟೆಗೆ ಎರಡು ಇಂಚು ದಪ್ಪ ಹಾಸಲು ಬೇಕಾಗುವುದು ಸುಮಾರು 23 ಟನ್. ಎರಡೋ ಮೂರೋ ಟಿಪ್ಪರ್. ತಾಸಿಗೆ 100 ಟನ್ ತೆಗೆಯುವ ಪ್ಲಾಂಟಿಗೆ ಅದು ಕಾಲು ತಾಸಿನ ಕೆಲಸ. ನಿಮ್ಮ ಅಂಗಡಿಗಾಗಿ ಯಾವ ಕಂತ್ರಾಟುದಾರ ಪ್ಲಾಂಟಿಗೆ ಬೆಂಕಿ ಹಾಕುತ್ತಾನೆ? ಆದ್ದರಿಂದ ಸಣ್ಣ ಕೆಲಸಕ್ಕೆ ಸಿಗುವುದು ಬೇರೆ ಕಡೆ ಹಾಸಿ ಉಳಿದ, ಅರ್ಧ ಆರಿದ ಮಾಲು, ಅಥವಾ ರಸ್ತೆ ಬದಿಯಲ್ಲಿ ಡ್ರಮ್ಮಿನಲ್ಲಿ ಕುದಿಸಿ ಖಡಿಗೆ ಸುರಿದದ್ದು. ಹಾಸಿದ ದಿನ ಕಪ್ಪಗೆ ಚೆಂದ ಕಾಣುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಕಸಬರಿಗೆಯಲ್ಲಿ ಖಡಿ ಗುಡಿಸಬೇಕಾಗುತ್ತದೆ.

ಕಾಂಕ್ರೀಟ್ ಹಾಗಲ್ಲ. ಅದೇ ಎರಡು ಗುಂಟೆಗೆ ಆರು ಇಂಚು ದಪ್ಪವೆಂದರೆ 11 ಬ್ರಾಸ್, ಹೆಚ್ಚುಕಡಿಮೆ 230 ಚೀಲ ಸಿಮೆಂಟು. ಮಿಕ್ಸರು ನಮ್ಮೂರಲ್ಲಿದೆ, ಗೌಂಡಿಗಳಿದ್ದಾರೆ, ಕರಿಕಲ್ಲಿನ ಖಡಿ ಜಿಲ್ಲೆಯಲ್ಲೇ ಸಿಗುತ್ತದೆ. ಸಿಮೆಂಟಿನ ಊರುಗಳಾದ ಸೇಡಂ, ವಾಡಿ ಪಕ್ಕದ ಕಲಬುರಗಿ ಜಿಲ್ಲೆಯಲ್ಲೇ ಇವೆ. ಕೆಲಸ ಸಣ್ಣದಾದರೂ ಸರಿಯಾಗಿ ಮಾಡಲು ಬರುತ್ತದೆ, ಎದುರಿಗೆ ನಿಂತು ಮಾಡಿಸಲೂ ಬರುತ್ತದೆ. ನನಗೆ ಇದೇ ದೊಡ್ಡ ವಾದ.

ಡಾಂಬರಿನ ಪರ ಹೇಳುವವರ ಮಾತಿನಲ್ಲೂ ಹುರುಳಿದೆ. ಮೊದಲ ಖರ್ಚು ಕಡಿಮೆ, ಮರುದಿನವೇ ಗಾಡಿ ನಿಲ್ಲಿಸಬಹುದು, ಕಿತ್ತುಹೋದಷ್ಟಕ್ಕೆ ತೇಪೆ ಹಾಕಬಹುದು. ಎರೆ ಸ್ವಲ್ಪ ಅಲುಗಿದರೆ ಡಾಂಬರು ಬಾಗಿಕೊಳ್ಳುತ್ತದೆ, ಕಾಂಕ್ರೀಟ್ ಸೀಳುತ್ತದೆ ಎನ್ನುವುದೂ ನಿಜ. ಪುಣೆಯ ಜಂಗಲಿ ಮಹಾರಾಜ ರಸ್ತೆ 1970ರ ದಶಕದಲ್ಲಿ ಹಾಕಿದ ಡಾಂಬರು ರಸ್ತೆಯೇ. ಹತ್ತು ವರ್ಷದ ಗ್ಯಾರಂಟಿ ಬರೆದುಕೊಟ್ಟು ಮಾಡಿದ ಆ ಕೆಲಸ ದಶಕಗಳ ಕಾಲ ಗುಂಡಿ ಬೀಳದೆ ಉಳಿದು ಮಹಾರಾಷ್ಟ್ರದಲ್ಲಿ ಮನೆಮಾತಾಯಿತು. ಹಾಗಾಗಿ ಡಾಂಬರು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಎರಡು-ಮೂರು ಎಕರೆಯ ಮಾರುಕಟ್ಟೆ ಪ್ರಾಂಗಣವಿದ್ದು, ಹತ್ತಿರದಲ್ಲೇ ಹೆದ್ದಾರಿ ಕೆಲಸಕ್ಕೆ ಪ್ಲಾಂಟ್ ಬಂದು ಕೂತಿದ್ದರೆ, ಕಾರುಗಳು ಓಡಾಡುವ ಭಾಗಕ್ಕೆ ಡಾಂಬರನ್ನೇ ಹಾಕಿಸಿ ಎನ್ನುತ್ತೇನೆ. ನಮ್ಮ ಅಂಗಡಿ ಮುಂದಿನ ಎರಡು ಗುಂಟೆಗೆ ಆ ಭಾಗ್ಯವಿಲ್ಲ.

ಇತ್ತ ಬೆಂಗಳೂರಿಗೆ ಹೋಗಿ ವೈಟ್‌ಟಾಪಿಂಗ್ ನೋಡಿ ಬಂದವರು ‘ಸಿಮೆಂಟ್ ಹಾಕಿಬಿಟ್ರೆ ಮೂವತ್ತು ವರ್ಷ ನೋಡೂದ ಬ್ಯಾಡ’ ಎನ್ನುತ್ತಾರೆ. ಅಲ್ಲಿ ಕಾಂಕ್ರೀಟ್ ಹಾಸುವುದು ಹಲವು ವರ್ಷ ಗಾಡಿ ಓಡಾಡಿ ಗಟ್ಟಿಯಾದ ಹಳೆಯ ಡಾಂಬರು ರಸ್ತೆಯ ಮೇಲೆ. ಎರೆಯ ಮೇಲೆ ಪ್ಲಾಸ್ಟಿಕ್ ಹಾಳೆ ಬಿಚ್ಚಿ ಸುರಿದದ್ದಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಪೇವರ್ ಬ್ಲಾಕ್ ಚೆಂದ, ಎತ್ತಿ ಮತ್ತೆ ಜೋಡಿಸಬಹುದು, ನೀರಿನ ಪೈಪಿಗೆ ಅಗೆದರೂ ಚಿಂತೆಯಿಲ್ಲ. ಬೈಕ್ ನಿಲ್ಲಿಸುವ ಪಟ್ಟಿಗೆ ಸಾಕು. ಆದರೆ ಅದರ ಸಂದುಗಳಲ್ಲಿ ಮಳೆನೀರು ಇಳಿದು ನೇರ ಎರೆಗೇ ಹೋಗುತ್ತದೆ.

ಕಾಂಕ್ರೀಟಿನಲ್ಲಿ ಜನ ಕೆಡಿಸುವುದು ಎರಡು ಕಡೆ. ಒಂದು, ಕಟ್. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ, ಸೀಳುವುದನ್ನು ತಡೆಯಲಾಗದು. ಎಲ್ಲಿ ಸೀಳಬೇಕೆಂದು ನಾವು ಹೇಳಬಹುದು ಅಷ್ಟೇ. ಆರು ಇಂಚಿನ ಹಾಸಿಗೆ 12ರಿಂದ 14 ಅಡಿಗೊಂದರಂತೆ, ಸುಮಾರು ಎರಡು ಇಂಚು ಆಳಕ್ಕೆ, ಹಾಕಿದ ಒಂದು ದಿನದೊಳಗೆ ಮಷೀನಿನಿಂದ ಗೆರೆ ಕೊಯ್ಯಬೇಕು. ನಮ್ಮಲ್ಲಿ ಕಟರ್ ಬಾಡಿಗೆಗೆ ಸಿಗಲಿಲ್ಲವೆಂದು ವಾರ ಬಿಟ್ಟು ಕೊಯ್ಯುವವರಿದ್ದಾರೆ. ಅಷ್ಟರಲ್ಲಿ ಬಿರುಕು ತನ್ನ ದಾರಿ ತಾನೇ ಹುಡುಕಿಕೊಂಡಿರುತ್ತದೆ. ಆ ಗೆರೆಗಳಿಗೆ ಸೀಲಂಟ್ ತುಂಬುವುದನ್ನೂ ಮರೆಯುತ್ತಾರೆ, ಎರೆಗೆ ನೀರು ಇಳಿಯಲು ಅದೇ ಬಾಗಿಲು.

ಎರಡು, ನೀರು ಹಾಕುವುದು. ಬಿಸಿಲು, ಒಣ ಹವೆಯಲ್ಲಿ ಕನಿಷ್ಠ 10 ದಿನ, ಈಗ ಮಾರುವ ಪಿಪಿಸಿ ಸಿಮೆಂಟಿಗೆ 14 ದಿನ ಕ್ಯೂರಿಂಗ್ ಬೇಕೆಂದು ಐಎಸ್ 456 ಹೇಳುತ್ತದೆ. ಎರಡು ಗುಂಟೆಗೆ ಮಡಿ ಕಟ್ಟಿ ಎರಡು ಇಂಚು ನೀರು ನಿಲ್ಲಿಸಿದರೆ 10,000 ಲೀಟರ್, ಅಂದರೆ ಎರಡು ದೊಡ್ಡ ಟ್ಯಾಂಕರ್. ಬಿಸಿಲಿಗೆ ಆರಿದಂತೆ ಮತ್ತೆ ತುಂಬಬೇಕು. ಕುಡಿಯಲು ಟ್ಯಾಂಕರಿಗೆ ಕಾಯುವ ಬೇಸಿಗೆಯಲ್ಲಿ ಇದು ಆಗದ ಮಾತು. ಹಸಿ ಗೋಣಿತಟ್ಟು ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಕಿದರೆ ನೀರು ಬಹಳ ಉಳಿಯುತ್ತದೆ. ಲಾರಿ ಹತ್ತಿಸುವುದು 28 ದಿನದ ಮೇಲೆ. ಒಂದೇ ಸಲ ಅಂಗಡಿ ಮುಚ್ಚಲಾಗದವರು ಅರ್ಧರ್ಧ ಹಾಕಿಸಬಹುದು.

ಸಿವಿಲ್ ಓದಿ ಕೆಲಸವಿಲ್ಲವೆಂದು ಕೂತ ಗೆಳೆಯರಿಗೆ ಒಂದು ಮಾತು. ಮಣ್ಣು ಪರೀಕ್ಷೆ, ಇಳಿಜಾರಿನ ಲೆವೆಲ್ ಕೊಡುವುದು, ಹೊತ್ತಿಗೆ ಸರಿಯಾಗಿ ಗೆರೆ ಕೊಯ್ಯುವುದು: ಇವಿಷ್ಟನ್ನು ಜವಾಬ್ದಾರಿಯಿಂದ ಮಾಡಿಕೊಡುವವರು ಹೊಸ ತಾಲ್ಲೂಕು ಊರುಗಳಲ್ಲಿ ಬೆರಳೆಣಿಕೆಯಷ್ಟು. ಒಂದು ಕಟರ್, ಒಂದು ಲೆವೆಲ್ ಯಂತ್ರ ಇಟ್ಟುಕೊಂಡ ಇಬ್ಬರು ಹುಡುಗರಿಗೆ ಹೊಟ್ಟೆಪಾಡು ನಡೆಯುತ್ತದೆ ಎಂದು ನನ್ನ ಅಂದಾಜು. ಮಾಡಿಸುವವರೂ ಬಾಯಿಮಾತಿಗೆ ಒಪ್ಪಬೇಡಿ. ಎಷ್ಟು ಇಂಚು, ಯಾವ ದರ್ಜೆ, 60 ಅಡಿಗೆ ಒಂದು ಅಡಿ ಇಳಿಜಾರು, ಎಷ್ಟು ದಿನ ಕ್ಯೂರಿಂಗ್, ಎಷ್ಟು ವರ್ಷದ ಹೊಣೆ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಕೊನೆಯ ಕಂತನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುತ್ತೇನೆಂದು ಮೊದಲೇ ಹೇಳಿ. ಒಪ್ಪದವರು ಮಾಡುವ ಕೆಲಸ ಹೇಗಿರುತ್ತದೆ ಎಂದು ಅಲ್ಲಿಗೇ ಗೊತ್ತಾಗುತ್ತದೆ.

ಯಾವಾಗ ಮಾಡಿಸಬೇಕು ಎಂದು ಕೇಳಿದರೆ, ದೀಪಾವಳಿ ಮುಗಿದ ಮೇಲೆ. ಆಗ ಎರೆ ಪೂರ್ತಿ ಉಬ್ಬಿಯೂ ಇರುವುದಿಲ್ಲ, ಬಿರುಕು ಬಿಟ್ಟೂ ಇರುವುದಿಲ್ಲ. ಬಾವಿ-ಬೋರಿನಲ್ಲಿ ಕ್ಯೂರಿಂಗಿಗೆ ನೀರಿರುತ್ತದೆ, ಬಿಸಿಲು ಹದವಾಗಿರುತ್ತದೆ. ನವೆಂಬರಿನಲ್ಲಿ ಹಾಕಿಸಿದರೆ ಹೊಸ ತೊಗರಿ ಲಾರಿಗಳು ಬಂದು ನಿಲ್ಲುವ ಹೊತ್ತಿಗೆ 28 ದಿನ ಮುಗಿದಿರುತ್ತದೆ.