ಮಜ್ಜೆ ಕೊಡುವವರು ಯಾರಾಗಬೇಕು?

ಅಕ್ಕಲಕೋಟದಲ್ಲಿ ನಾನು ಬೇಕರಿ ಇಟ್ಟು ಹದಿನಾಲ್ಕು ವರ್ಷವಾಯಿತು. ಇಲ್ಲಿ ನಮ್ಮೂರಿನ ಬನ್ನಿಗಿಂತ ಖಾರಿಗೆ ಗಿರಾಕಿ ಜಾಸ್ತಿ, ಮಾತು ಅರ್ಧ ಕನ್ನಡ ಅರ್ಧ ಮರಾಠಿ. ಪಕ್ಕದ ಮನೆಯ ಕನ್ನಡ ಕುಟುಂಬದ ಕಿರಿಯ ಹುಡುಗನಿಗೆ ಅಪ್ಲಾಸ್ಟಿಕ್ ಅನೀಮಿಯಾ ಬಂತು. ಮೂಳೆಯೊಳಗಿನ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸುವ ಕಾಯಿಲೆ ಅದು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದರು. ಕಸಿ ಆಗಬೇಕು ಎಂದರು ಡಾಕ್ಟರು. ಒಡಹುಟ್ಟಿದ ಒಬ್ಬರ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈ ಮನೆಯಲ್ಲಿ ಅಣ್ಣ, ಅಕ್ಕ ಇಬ್ಬರೂ ಹೊಂದಿದರು.

ಗಲಾಟೆ ಶುರುವಾದದ್ದೇ ಅಲ್ಲಿ. ಅಣ್ಣನಿಗೆ 32, ಮೈ ಭಾರ, ಬಿಪಿ. ಅಕ್ಕನಿಗೆ 19. ಡಾಕ್ಟರು ಅವಳನ್ನೇ ಕೇಳಿದರು. ಅಜ್ಜ ನನ್ನ ಅಂಗಡಿಗೆ ಬಂದು, "ಭಾಯಿ, ಹೆಣ್ಮಗಳು, ನಾಳೆ ಮದುವಿ ಆಗಬೇಕು. ಬೆನ್ನುಹುರಿಗೆ ಸೂಜಿ ಹಾಕಿಸ್ಕೊಂಡ್ರ ಯಾರ್ ಮಾಡ್ಕೋತಾರ?" ಎಂದರು. ದೊಡ್ಡವನಿರುವಾಗ ಹುಡುಗಿ ಯಾಕೆ ಎಂಬುದು ಎಲ್ಲರ ಪ್ರಶ್ನೆ.

ಬೆನ್ನುಹುರಿಗೂ ಇದಕ್ಕೂ ಸಂಬಂಧವೇ ಇಲ್ಲ. ಮಜ್ಜೆ ತೆಗೆಯುವುದು ಸೊಂಟದ ಹಿಂದಿನ ಮೂಳೆಯಿಂದ, ಅರಿವಳಿಕೆ ಕೊಟ್ಟು. ಕೊಡುವವರ ತೂಕದ ಪ್ರತಿ ಕಿಲೋಗೆ ಸುಮಾರು 20 ಮಿಲಿಲೀಟರ್‌ಗಿಂತ ಹೆಚ್ಚು ತೆಗೆಯುವುದಿಲ್ಲ, ಅದು ಕೆಲವು ವಾರಗಳಲ್ಲಿ ಮತ್ತೆ ತುಂಬುತ್ತದೆ. ಲೆಕ್ಕಕ್ಕೆ ಬರುವುದು ಎಷ್ಟು ತೆಗೆದರು ಎನ್ನುವುದಲ್ಲ, ಅದರಲ್ಲಿ ಜೀವಕೋಶ ಎಷ್ಟಿದೆ ಎನ್ನುವುದು. ಚಿಕ್ಕ ವಯಸ್ಸಿನವರ ಮಜ್ಜೆಯಲ್ಲಿ ಅದು ಸಾಮಾನ್ಯವಾಗಿ ಹೆಚ್ಚು. ತೆಗೆಯುವ ಕೈಯೂ ಮುಖ್ಯ: ಒಂದೇ ಜಾಗದಲ್ಲಿ ಒಂದೇ ಸಲ ಸಿರಿಂಜು ತುಂಬಾ ಎಳೆದರೆ ಬರಿಯ ರಕ್ತ ಬೆರೆತು ಮಜ್ಜೆ ತೆಳುವಾಗುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪ, ಜಾಗ ಬದಲಿಸುತ್ತ ತೆಗೆಯುತ್ತಾರೆ. ರಕ್ತದ ಗುಂಪು ಬೇರೆಯಾದರೂ ನಡೆಯುತ್ತದೆ. ಹೆತ್ತ ಹೆಣ್ಣಿನ ಮಜ್ಜೆ ಗಂಡಿಗೆ ಕೊಟ್ಟರೆ ಕಸಿಯ ಕೋಶಗಳೇ ರೋಗಿಯ ಮೈಮೇಲೆ ತಿರುಗಿಬೀಳುವ ಅಪಾಯ ಹೆಚ್ಚು. ಈ ಹುಡುಗಿಗೆ ಆ ಮಾತೂ ಇರಲಿಲ್ಲ.

ವಾದದಲ್ಲಿ ಎರಡು ತಿಂಗಳು ಹೋಯಿತು. ಅಷ್ಟರಲ್ಲಿ ಹುಡುಗನಿಗೆ ಮತ್ತೆ ಮತ್ತೆ ರಕ್ತ ಏರಿಸಿದರು. ಹಾಗೆ ಏರಿಸಿದಷ್ಟೂ ಕಸಿಯನ್ನು ಮೈ ತಿರಸ್ಕರಿಸುವ ಭಯ ಹೆಚ್ಚು. ಪ್ರೀತಿಯಿಂದ ಓಡಿಬಂದ ಚಿಕ್ಕಪ್ಪನ ರಕ್ತವನ್ನು ಡಾಕ್ಟರು ಬೇಡವೆಂದಾಗ ಮನೆಯವರು ಮುನಿಸಿಕೊಂಡರು. ಕಸಿಗೆ ಮೊದಲು ರಕ್ತಸಂಬಂಧಿಗಳ ರಕ್ತ ಕೊಡಬಾರದೆಂದು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಕೊನೆಗೆ ಹುಡುಗಿಯೇ ಹಟ ಹಿಡಿದು ಹೋದಳು. ಒಂದು ವಾರ ಸೊಂಟ ನೋವಿತ್ತು, ಅಷ್ಟೆ. ತಮ್ಮ ಈಗ ಮನೆಯಲ್ಲಿದ್ದಾನೆ, ಔಷಧಿ ನಡೆದಿದೆ.

ನಮ್ಮ ಕರಾವಳಿಯಲ್ಲಿ ರಕ್ತದಾನ ಶಿಬಿರವೆಂದರೆ ಹುಡುಗರು ಸಾಲು ನಿಲ್ಲುತ್ತಾರೆ. ಅದೇ ಶಿಬಿರದಲ್ಲಿ ಕೆನ್ನೆಯೊಳಗಿನ ಸ್ವಾಬ್ ತೆಗೆಯುವ ಒಂದು ಮೇಜು ಯಾಕಿಲ್ಲ? ಚೆನ್ನೈಯ ದಾತ್ರಿ 2009ರಿಂದ ಇದೆ, ಬೆಂಗಳೂರಿನಲ್ಲಿ ಡಿಕೆಎಂಎಸ್ ಇದೆ. ನೋಂದಾಯಿಸಿದವರಲ್ಲಿ ಹೆಚ್ಚಿನವರು ಕೊಡುವುದು ಐದು ದಿನ ಇಂಜೆಕ್ಷನ್ ತೆಗೆದುಕೊಂಡು, ತೋಳಿನ ರಕ್ತದಿಂದಲೇ. ಆದರೆ ಫೋಟೋಕ್ಕಾಗಿ ಹೆಸರು ಬರೆಸಬೇಡಿ. ಕಸಿಗೆ ಮೊದಲು ರೋಗಿಯ ಸ್ವಂತ ಮಜ್ಜೆಯನ್ನು ಔಷಧಿಯಿಂದ ಅಳಿಸುತ್ತಾರೆ. ಆಮೇಲೆ ಹಿಂದೆ ಸರಿದರೆ ಅವನಿಗೆ ಬದುಕಿಲ್ಲ.

ಊರಿಗೆ ಹೋದಾಗ 22ರ ಮಗನಿಗೆ ಹೇಳಿದೆ, ಒಪ್ಪಿದ. ಒಳಗಿಂದ ಉಮ್ಮ, "ಬೆನ್ನುಹುರಿಗೆ ಸೂಜಿಯಾ?" ಎಂದರು. ಸೊಂಟದ ಮೂಳೆ ಮುಟ್ಟಿ ತೋರಿಸಿದೆ. ಇನ್ನೂ ಪೂರ್ತಿ ನಂಬಿಲ್ಲ.